ಕತ್ತರಿಗೂ ಗೆದ್ದಲಿಗೂ ನಡುವೆ

ತೀರಿಕೊಂಡವರ ಬಟ್ಟೆಯನ್ನು ಏನು ಮಾಡಬೇಕು? ಇದೊಂದು ತತ್ತ್ವಜ್ಞಾನದ ಪ್ರಶ್ನೆಯೆಂದು ಯಾರಿಗೂ ಅನ್ನಿಸಲಾರದು. ಆತ್ಮದ ಗತಿಯ ಬಗ್ಗೆ ನಮ್ಮ ಹಿರಿಯರು ಗ್ರಂಥಗಳನ್ನೇ ಬರೆದಿದ್ದಾರೆ; ಅಂಗಿಯ ಗತಿಯ ಬಗ್ಗೆ ಬರೆದವರು ಕಡಿಮೆ. ಆದರೂ ಸಾವು ಕಂಡ ಪ್ರತಿಯೊಂದು ಮನೆಯಲ್ಲಿ, ಬಂದ ನೆಂಟರೆಲ್ಲ ಹಿಂದಿರುಗಿದ ಮೇಲೆ, ಒಬ್ಬರಲ್ಲ ಒಬ್ಬರು ಕಪಾಟಿನ ಬಾಗಿಲು ತೆರೆದು ಈ ಪ್ರಶ್ನೆಯ ಮುಂದೆ ನಿಂತೇ ನಿಲ್ಲುತ್ತಾರೆ.

ರೂಢಿಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಕೊಟ್ಟುಬಿಡುವುದು ಒಂದು, ಇಟ್ಟುಕೊಳ್ಳುವುದು ಇನ್ನೊಂದು. ಕೊಡುವವರಲ್ಲಿ ಪುಣ್ಯಕ್ಕಾಗಿ ಕೊಡುವವರಿದ್ದಾರೆ, ಕಣ್ಣೆದುರು ಇದ್ದರೆ ದುಃಖ ಮರುಕಳಿಸುತ್ತದೆಂದು ಕೊಡುವವರಿದ್ದಾರೆ, ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂಬ ಅಂಜಿಕೆಯಿಂದ ಕೊಡುವವರೂ ಇದ್ದಾರೆ. ಇಟ್ಟುಕೊಳ್ಳುವವರು ಒಂದು ಸೀರೆಯನ್ನೋ ಶಾಲನ್ನೋ ಆರಿಸಿ, ನುಸಿಗುಳಿಗೆ ಹಾಕಿ, ಪೆಟ್ಟಿಗೆಯ ತಳದಲ್ಲಿರಿಸಿ, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಾರೆ. ಮೂರನೆಯ ಉತ್ತರವೂ ಒಂದಿದೆ: ಆ ಬಟ್ಟೆಗೆ ಕತ್ತರಿ ಹಾಕಿ, ತುಂಡುಗಳನ್ನು ಕೂಡಿಸಿ, ಹೊಲಿದು, ಹೊದೆಯುವುದು. ನಾನು ಹವ್ಯಾಸಕ್ಕಾಗಿ ಕೌದಿ ಹೊಲಿಯುವವಳು. ಹಾಗಾಗಿ ಈ ಮೂರನೆಯ ಉತ್ತರದ ಸರಿತಪ್ಪುಗಳು ಆಗಾಗ ಬಟ್ಟೆಯ ಗಂಟಿನ ರೂಪದಲ್ಲಿ ನನ್ನ ಚಾವಡಿಗೆ ಬಂದು ಕೂರುತ್ತವೆ. ಅಂಥ ಒಂದು ಗಂಟು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಆ ಯೋಚನೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ನಮ್ಮ ಕರಾವಳಿಯವರಿಗೆ ಕೌದಿಯೆಂದರೆ ಏನೆಂದು ಎರಡು ಮಾತು ಹೇಳಬೇಕಾದೀತು. ಎಳೆ ಮಗುವಿಗೆ ಹಾಸಲು ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸುತ್ತ ನಾಲ್ಕು ಹೊಲಿಗೆ ಹಾಕುತ್ತೇವಲ್ಲ, ಅದರ ದೊಡ್ಡಕ್ಕನೇ ಕೌದಿ. ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ದಾರ ಓಡಿಸಿ ಇದನ್ನು ಮಾಡುತ್ತಾರೆ. ಸೊಲ್ಲಾಪುರದ ಕಡೆ ಇದೇ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂದಿಗೆ ಬೇರೆಯದೇ ಕ್ರಮ. ಅವರು ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬಂದು ಸೇರುತ್ತಾರೆ, ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನಿಟ್ಟು ಅದನ್ನು ‘ಫೂಲ’ ಎನ್ನುತ್ತಾರೆ. ಆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ.

ನಾನು ಕಲಿತದ್ದು 1998ರ ಬೇಸಗೆ ರಜೆಯಲ್ಲಿ, ಧಾರವಾಡದಲ್ಲಿದ್ದ ಅಕ್ಕನ ನೆರೆಮನೆಯ ಅಜ್ಜಿಯಿಂದ. ನಾನು ನೋಡಲು ಚಂದವಿದ್ದ ಸವೆದ ಸೀರೆಯನ್ನು ಮೇಲೆ ಹಾಸಲು ಹೋದಾಗ ಅವರು ಕೈ ಹಿಡಿದರು. “ಹರಕ ಒಳಗ ಇಡವ್ವಾ, ಗಟ್ಟಿದ್ದು ಮ್ಯಾಲ ಇರಲಿ. ಒಳಗಿದ್ದದ್ದೇನು ಸುಮ್ಮನ ಇರೂದಿಲ್ಲ, ಬೆಚ್ಚಗ ಇಡತೈತಿ” ಎಂದರು. ಕೌದಿಯ ಶಾಸ್ತ್ರವೆಲ್ಲ ಆ ಮಾತಿನಲ್ಲಿದೆ. ಹಳೆ ಕೌದಿ ತೀರಾ ಜೀರ್ಣವಾದರೆ ಅದನ್ನು ಎಸೆಯುವುದಿಲ್ಲ; ಹೊಸ ಕೌದಿಯ ಒಳಪದರವಾಗಿ ಅದೂ ಸೇರಿಕೊಳ್ಳುತ್ತದೆ.

ಲೆಕ್ಕ ಬೇಕೆನ್ನುವವರಿಗೆ ಇದಿಷ್ಟು: ಐದು ಅಡಿ ಅಗಲ, ಏಳು ಅಡಿ ಉದ್ದದ ಮೂರು ಪದರದ ಕೌದಿಗೆ ಹೊಸ ಬಟ್ಟೆಯಾದರೆ ಒಂದೂವರೆ ಸೀರೆ ಸಾಕು. ಆದರೆ ಹಳೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆದು ನೋಡಿ, ನೆರಿಗೆಯ ಕಡೆ ಸವೆದದ್ದನ್ನು ಕಳೆಯುತ್ತ ಹೋದರೆ ಮೂರು ಸೀರೆಯೂ ಬೇಕಾದೀತು. ಬೆರಳಗಲಕ್ಕೊಂದು ಸಾಲಿನಂತೆ ದಾರ ಓಡಿಸಿದರೆ ಎಪ್ಪತ್ತೈದು ಸಾಲುಗಳ ಮೇಲಾಗುತ್ತದೆ. ಸಾಲಿಗೆ ಏಳಡಿಯಂತೆ 500 ಅಡಿಗೂ ಮಿಕ್ಕಿ ಕೈಹೊಲಿಗೆ. ಒಬ್ಬಳೇ ಕೂತರೆ ಬೆನ್ನು ಬಿದ್ದುಹೋಗುತ್ತದೆ. ಆದ್ದರಿಂದಲೇ ಇರಬೇಕು, ಲೋಕದಲ್ಲಿ ಎಲ್ಲಿ ನೋಡಿದರೂ ಇದು ಜೊತೆಗೂಡಿ ಮಾಡುವ ಕೆಲಸ.

ಒಂದು ಆಕ್ಷೇಪಕ್ಕೆ ಇಲ್ಲೇ ಉತ್ತರ ಹೇಳಿ ಮುಂದೆ ಹೋಗುವುದು ಒಳ್ಳೆಯದು. ಕಾಸರಗೋಡಿನ ಸೆಕೆಗೆ ಕೌದಿ ಯಾಕೆ? ನಿಜ, ನಮಗೆ ಅದು ಬೇಕಾಗುವುದು ಆಟಿಯ ಮಳೆಯ ಕೆಲವು ರಾತ್ರಿಗಳಿಗೆ ಮಾತ್ರ. ಧಾರವಾಡದ ಅಜ್ಜಿಯ ಅತ್ತೆಗೆ ಕೌದಿ ಹವ್ಯಾಸವಾಗಿರಲಿಲ್ಲ. ಮನೆಯಲ್ಲಿ ಮಕ್ಕಳಿದ್ದವು, ಮಾಘದ ಚಳಿಯಿತ್ತು, ಹಳೆ ಬಟ್ಟೆಯಿತ್ತು. ಕತ್ತರಿಸಬಹುದೇ ಬಾರದೇ ಎಂಬ ಪ್ರಶ್ನೆಯನ್ನು ಚಳಿಯೇ ತೀರ್ಮಾನಿಸುತ್ತಿತ್ತು. ಹಾಗೆ ನೋಡಿದರೆ ಈ ಲೇಖನದ ಪ್ರಶ್ನೆ ಉಂಡುಟ್ಟು ಮಿಕ್ಕವರ ಪ್ರಶ್ನೆ. ಆದರೆ ಉಂಡುಟ್ಟು ಮಿಕ್ಕವರ ಪ್ರಶ್ನೆಗಳೆಲ್ಲ ಪೊಳ್ಳು ಎನ್ನಲಾಗದು. ಬಡತನ ಕೆಲವು ನಿರ್ಧಾರಗಳನ್ನು ನಮ್ಮ ಪರವಾಗಿ ತಾನೇ ಮಾಡಿಬಿಡುತ್ತದೆ. ಅದು ತೊಲಗಿದ ದಿನ ಆ ನಿರ್ಧಾರಗಳ ಹೊಣೆ ನಮ್ಮ ತಲೆಗೆ ಬರುತ್ತದೆ.

ಇನ್ನು ಆ ಗಂಟಿನ ವಿಷಯ. ನಾನು ಶಾಲೆಯ ಕನ್ನಡ ವಿಭಾಗದಲ್ಲಿದ್ದೆ. ನನ್ನ ಗೆಳತಿ ಅದೇ ಶಾಲೆಯ ಮಲಯಾಳ ವಿಭಾಗದಲ್ಲಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ‘ಟೀಚರ್’ ಎಂದೇ ಕರೆದು ಅಭ್ಯಾಸ. ನಿವೃತ್ತಿಯಾದ ಮೇಲೂ ಅದು ಬದಲಾಗಲಿಲ್ಲ. ಅವರು ನನ್ನೊಡನೆ ಕನ್ನಡದಲ್ಲಿ ಹೊರಡುತ್ತಾರೆ, ನಾನು ಮಲಯಾಳದಲ್ಲಿ ಉತ್ತರಿಸುತ್ತೇನೆ, ನಡುವೆಲ್ಲೋ ಇಬ್ಬರೂ ತುಳುವಿಗೆ ಜಾರಿರುತ್ತೇವೆ. ನಿವೃತ್ತಿಯ ನಂತರ ವಾರಕ್ಕೆ ಮೂರು ಮಧ್ಯಾಹ್ನ ನಾವು ಒಟ್ಟಿಗೆ ಕೌದಿಗೆ ಕೂತೆವು. ನಾನು ಈ ಅಂಚಿಗೆ, ಅವರು ಆ ಅಂಚಿಗೆ. ನನ್ನ ಹೊಲಿಗೆ ಜೋಳದ ಕಾಳಿನಷ್ಟು, ಅವರದು ಸಾಸಿವೆಯಷ್ಟು.

ಆ ಸಾಸಿವೆ ಹೊಲಿಗೆ ಅವರಿಗೆ ಬಂದದ್ದು ತಾಯಿಯಿಂದ. ತಳಂಗರೆಯ ಟೊಪ್ಪಿಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಬಿಳಿ ಬಟ್ಟೆಯ ಮೇಲೆ ನಯವಾದ ಕೈಕಸೂತಿಯ ಆ ಟೊಪ್ಪಿಗಳನ್ನು ಮನೆಮನೆಯ ಹೆಂಗಸರೇ ಹೊಲಿಯುತ್ತಿದ್ದರು. ಅವು ಕಡಲು ದಾಟಿ ಗಲ್ಫಿಗೂ ಹೋಗುತ್ತಿದ್ದವು. ಗೆಳತಿಯ ಉಮ್ಮ ಅಂಥ ಟೊಪ್ಪಿ ಹೊಲಿದು ಮಕ್ಕಳನ್ನು ಓದಿಸಿದವರು.

ಕೌದಿಗೆ ಕೂತಾಗಿನ ಮಾತಿಗೆ ಒಂದು ಗುಣವಿದೆ. ಇಬ್ಬರ ಕಣ್ಣೂ ಸೂಜಿಯ ಮೇಲಿರುವುದರಿಂದ ಮುಖ ನೋಡಿಕೊಂಡು ಹೇಳಲಾಗದ್ದನ್ನು ಹೇಳಲು ಬರುತ್ತದೆ. ಮಾತು ನಿಂತರೂ ಮುಜುಗರವಿಲ್ಲ, ಕೈ ನಡೆಯುತ್ತಲೇ ಇರುತ್ತದೆ. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಚಹಾ ಕುಡಿದಾಗ ತಿಳಿಯದ ಸಂಗತಿಗಳು ಹೀಗೆ ತಿಳಿದವು. ಉಮ್ಮ ದೀಪದ ಬೆಳಕಿನಲ್ಲಿ ಹೊಲಿಯುತ್ತಿದ್ದುದು, ಕಣ್ಣು ಮಂದವಾದ ಮೇಲೂ ಬಿಡದೆ ಬೆರಳಿನಿಂದಲೇ ತಡವಿ ಹೊಲಿಗೆ ಎಣಿಸುತ್ತಿದ್ದುದು, ಎಲ್ಲವೂ.

2016ರ ಆಟಿ ತಿಂಗಳಲ್ಲಿ ಉಮ್ಮ ತೀರಿಕೊಂಡರು. ಕೆಲವು ತಿಂಗಳ ಬಳಿಕ ಗೆಳತಿ ಗಂಟೊಂದನ್ನು ತಂದು ಚಾಪೆಯ ಮೇಲೆ ಬಿಚ್ಚಿದರು. ಐದು ಕಪ್ಪು ಕಾಚಿ ಮುಂಡು, ನಾಲ್ಕು ಬಿಳಿ ಕುಪ್ಪಾಯ, ಆರು ತಟ್ಟಂ. ಜೊತೆಗೆ ಅರ್ಧಕ್ಕೆ ನಿಂತ ಒಂದು ಟೊಪ್ಪಿ, ಸೂಜಿ ಅದರಲ್ಲೇ ಇತ್ತು. “ಟೊಪ್ಪಿ ಬಿಟ್ಟು ಉಳಿದದ್ದರಲ್ಲಿ ಒಂದು ಕೌದಿ ಮಾಡುವ, ಟೀಚರೇ. ನನಗೆ ಹೊದೆಯಲು” ಎಂದರು. ನಾನು ಬಟ್ಟೆಯನ್ನು ಮುಟ್ಟಿ ನೋಡಿ, ಅಳೆದು, ಒಪ್ಪಿದೆ. ಹಳೆಯ ಹತ್ತಿ ನೂರಾರು ಸಲ ಒಗೆತ ಕಂಡು ಮೆತ್ತಗಾಗಿರುತ್ತದೆ, ಇನ್ನು ಕುಗ್ಗುವುದೂ ಇಲ್ಲ. ಕೌದಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ.

ಮರುದಿನ ಗಲ್ಫಿನಿಂದ ಗೆಳತಿಯ ಅಣ್ಣನ ಫೋನು ಬಂತು. ಅವರದು ಮೆಲುದನಿ, ಸಿಟ್ಟಿರಲಿಲ್ಲ, ಆದ್ದರಿಂದಲೇ ಮಾತು ನೆಟ್ಟಿತು. “ಟೀಚರೇ, ನೀವು ಮೊದಲು ಏನು ಮಾಡುತ್ತೀರಿ? ತೊಳೆಯುತ್ತೀರಿ, ಅಲ್ಲವೇ? ಆ ಬಟ್ಟೆಯಲ್ಲಿ ಉಮ್ಮನ ವಾಸನೆ ಉಂಟು. ಸಣ್ಣವನಿದ್ದಾಗ ಅವರ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವನು ನಾನು. ಮಡಿಲಲ್ಲಿ ಕೂತಾಗ ಇದ್ದದ್ದು ಅದೇ ವಾಸನೆ. ತೊಳೆದರೆ ಹೋಯಿತು. ಕತ್ತರಿಸಿದರೆ ಅದು ಉಮ್ಮನ ಮುಂಡೂ ಅಲ್ಲ, ಬರೇ ತುಂಡು. ತಂಗಿಗೆ ಹಕ್ಕಿದೆ, ನನಗೂ ಇದೆ.”

ಅವರ ಮಾತಿನಲ್ಲಿ ಎರಡು ವಾದಗಳಿದ್ದವು, ಎರಡೂ ಗಟ್ಟಿ. ಮೊದಲನೆಯದು ಹಕ್ಕಿನದು. ಅವರ ಧರ್ಮದ ಕಾನೂನಿನಂತೆ ಸತ್ತವರು ಬಿಟ್ಟುಹೋದದ್ದೆಲ್ಲ ವಾರಸುದಾರರೆಲ್ಲರಿಗೂ ಸೇರಿದ್ದು. ಮನೆಯೂ ಸರಿ, ಮುಂಡೂ ಸರಿ. ಒಬ್ಬರ ಒಪ್ಪಿಗೆಯಿಂದ ಎಲ್ಲರ ಸೊತ್ತಿಗೆ ಕತ್ತರಿ ಹಾಕುವಂತಿಲ್ಲ. ಎರಡನೆಯದು ಇನ್ನೂ ಆಳದ್ದು. ಒಂದು ವಸ್ತು ನೆನಪನ್ನು ಹೊತ್ತಿರುವುದು ಅದು ಇದ್ದ ಹಾಗೆಯೇ ಇರುವುದರಿಂದ; ರೂಪ ಬದಲಾದರೆ ನೆನಪು ಜಾರಿಹೋಗುತ್ತದೆ. ಕೌದಿ ಹೊಲಿಯುವವಳಾದ ನಾನು ಕತ್ತರಿಯ ಬಗ್ಗೆ ಯೋಚಿಸಿದ್ದೆ, ಆದರೆ ಮೊದಲ ನಷ್ಟ ಕತ್ತರಿಯದಲ್ಲ, ನೀರಿನದು ಎಂಬುದನ್ನು ತಿಳಿಸಿದವರು ಅವರು.

ಹಾಗಾದರೆ ಇಟ್ಟುಕೊಳ್ಳುವುದೇ ಸರಿಯೇ? ಇಲ್ಲಿ ಬಟ್ಟೆಯ ಸ್ವಭಾವವನ್ನು ಕೇಳಬೇಕು. ಹೊಲಿಯುವವರೆಲ್ಲ ಬಲ್ಲ ಒಂದು ಸಂಗತಿಯಿದೆ. ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ಹತ್ತಾರು ವರ್ಷ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಹತ್ತಿಗೆ ನಮ್ಮ ಮಳೆಗಾಲದ ತೇವದಲ್ಲಿ ಕರಿಚುಕ್ಕೆ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆ ಮರದ್ದಾಗಿದ್ದು ಗೋಡೆಗೆ ತಾಗಿದ್ದರೆ ಗೆದ್ದಲು. ವಾಸನೆಯಂತೂ ಎರಡು ಆಟಿ ಕಳೆಯುವಷ್ಟರಲ್ಲಿ ನುಸಿಗುಳಿಗೆಯ ವಾಸನೆಯಾಗಿರುತ್ತದೆ. ಎಂದರೆ, ‘ಹಾಗೆಯೇ ಇಡುವುದು’ ಎಂಬ ಮೂರನೆಯ ದಾರಿ ಬಟ್ಟೆಗೆ ಇಲ್ಲವೇ ಇಲ್ಲ. ಉಪಯೋಗಿಸಿದರೆ ಸವೆಯುತ್ತದೆ, ಉಪಯೋಗಿಸದಿದ್ದರೆ ಕೊಳೆಯುತ್ತದೆ.

ಈ ಎರಡರಲ್ಲಿ ನಾವು ಒಂದಕ್ಕೆ ಹೆದರುತ್ತೇವೆ, ಇನ್ನೊಂದಕ್ಕೆ ಹೆದರುವುದಿಲ್ಲ. ಯಾಕೆ? ನನಗೆ ತೋರುವ ಕಾರಣವಿಷ್ಟು: ಕತ್ತರಿಗೆ ಕರ್ತೃವಿದ್ದಾನೆ, ಗೆದ್ದಲಿಗೆ ಇಲ್ಲ. ಕತ್ತರಿಸಿದವಳು ನಾನು ಎಂದು ನಾಳೆ ಯಾರಾದರೂ ಬೆರಳು ತೋರಿಸಬಹುದು. ಪೆಟ್ಟಿಗೆಯಲ್ಲಿ ಪುಡಿಯಾದದ್ದಕ್ಕೆ ಯಾರೂ ಹೊಣೆಯಲ್ಲ, ಕಾಲವೇ ಹೊಣೆ. ಕಣ್ಣಿಗೆ ಕಾಣುವ, ಒಂದೇ ಕ್ಷಣದಲ್ಲಾಗುವ, ಹೆಸರಿರುವ ಒಬ್ಬರು ಮಾಡುವ ಹಾನಿಯನ್ನು ನಾವು ಪಾಪವೆನ್ನುತ್ತೇವೆ. ನಿಧಾನವಾಗಿ, ಕತ್ತಲಲ್ಲಿ, ಯಾರ ಕೈಯಿಂದಲೂ ಅಲ್ಲದೆ ಆಗುವ ಹಾನಿಯನ್ನು ವಿಧಿಯೆನ್ನುತ್ತೇವೆ. ಎರಡರಲ್ಲೂ ಕಳೆದುಹೋದದ್ದು ಅದೇ ಮುಂಡು. ನೀತಿಯ ಲೆಕ್ಕದಲ್ಲಿ, ಮಾಡದೆ ಬಿಟ್ಟದ್ದೂ ಒಂದು ಮಾಡಿದ್ದೇ ಎಂಬುದನ್ನು ಬಟ್ಟೆಯಷ್ಟು ಸ್ಪಷ್ಟವಾಗಿ ಕಲಿಸುವ ವಸ್ತು ಇನ್ನೊಂದಿಲ್ಲ.

ಬಳಸಿ ಮುಗಿಸುವುದೂ ಗೌರವವೇ ಎಂಬುದಕ್ಕೆ ಹಳೆಯ ಸಾಕ್ಷಿಗಳುಂಟು. ಬೌದ್ಧರ ವಿನಯಪಿಟಕದಲ್ಲಿ ಆನಂದ ಮತ್ತು ಕೌಶಾಂಬಿಯ ಉದಯನ ರಾಜನ ಸಂಭಾಷಣೆಯೊಂದಿದೆ. ರಾಜನ ಅಂತಃಪುರದವರು ಆನಂದನಿಗೆ ಐನೂರು ವಸ್ತ್ರಗಳನ್ನು ಕೊಟ್ಟಿರುತ್ತಾರೆ. ಭಿಕ್ಷುವಿಗೆ ಇಷ್ಟೇಕೆ ಎಂದು ರಾಜ ವಿಚಾರಿಸುತ್ತಾನೆ. ಬಟ್ಟೆ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎನ್ನುತ್ತಾನೆ ಆನಂದ. ಅವರ ಹಳೆಯ ಬಟ್ಟೆ? ಹಾಸಿಗೆಯ ಮೇಲುಹೊದಿಕೆಯಾಗುತ್ತದೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಚೀಲ. ಅದರ ಬಳಿಕ ನೆಲಹಾಸು, ಕಾಲೊರಸು, ಧೂಳು ಒರಸುವ ಬಟ್ಟೆ. ಕೊನೆಗೆ ಅದನ್ನೂ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತುಷ್ಟನಾಗಿ ಇನ್ನೂ ಐನೂರು ಕೊಡುತ್ತಾನೆ. ಭಿಕ್ಷುಗಳ ಚೀವರವನ್ನು ಮಗಧದ ಗದ್ದೆಗಳ ಅಂಚುಕಟ್ಟಿನಂತೆ ತುಂಡು ಜೋಡಿಸಿ ಹೊಲಿಯಬೇಕೆಂದು ಬುದ್ಧ ಹೇಳಿದ್ದೂ ಅದೇ ಗ್ರಂಥದಲ್ಲಿದೆ. ಕತ್ತರಿ ಬಿದ್ದ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದರಿಂದಲೇ ಅದನ್ನು ಯಾರೂ ಆಸೆಪಡುವುದಿಲ್ಲ.

ಇನ್ನೊಂದು ಸಾಕ್ಷಿ ದೂರದ್ದು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹತ್ತಿಯ ತೋಟಗಳಲ್ಲಿ ಗುಲಾಮರಾಗಿದ್ದ ಕರಿಯರ ಸಂತತಿಯವರು ಅಲ್ಲಿ ನೆಲೆಸಿದ್ದಾರೆ. ಅಲ್ಲಿಯ ಹೆಂಗಸರು ದುಡಿಮೆಯ ಹಳೆ ಬಟ್ಟೆಗಳಿಂದ ಕೌದಿ ಹೊಲಿಯುವುದಕ್ಕೆ ಹೆಸರಾದವರು. 1942ರಲ್ಲಿ ಆ ಊರಿನ ಮಿಸೌರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೆಲ್ಲ ಬಿಚ್ಚಿ ಒಂದು ಕೌದಿ ಮಾಡಿದರು. ಅವನನ್ನು ನೆನೆಯುವುದಕ್ಕೂ, ಪ್ರೀತಿಗಾಗಿ ಅದರಡಿಯಲ್ಲಿ ಮಲಗುವುದಕ್ಕೂ ಹಾಗೆ ಮಾಡಿದರೆಂದು ಅವರ ಮಗಳು ಮುಂದೆ ಹೇಳಿಕೊಂಡಿದ್ದಾರೆ. ನನ್ನ ಗೆಳತಿ ಆ ಊರಿನ ಹೆಸರನ್ನೂ ಕೇಳಿದವರಲ್ಲ. ಆದರೆ ಕೇಳಿದ್ದು ಅದನ್ನೇ.

ಆದರೆ ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅದೇ ಗೀಸ್ ಬೆಂಡಿನ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳ ಗೋಡೆಯೇರಿದವು. ಯಾರೋ ಅವನ್ನು ಸವೆಯಲು ಬಿಡದೆ ಎತ್ತಿಟ್ಟದ್ದರಿಂದ ತಾನೇ ಲೋಕ ಅವನ್ನು ನೋಡಿತು? ಬಂಗಾಳದ ಹಳೆಯ ಕಾಂಥಾಗಳಲ್ಲಿ ನಮ್ಮವರೆಗೆ ಉಳಿದುಬಂದವು ಯಾರೂ ಹೊದೆಯದೆ ಕಾದಿಟ್ಟವೇ ಹೊರತು, ಹೊದೆದು ಮುಗಿಸಿದವಲ್ಲ. ಎಲ್ಲರೂ ಬಳಸಿ ಮುಗಿಸಿದ್ದರೆ ಮುಂದಿನವರಿಗೆ ನೋಡಿ ಕಲಿಯಲು ಒಂದು ತುಂಡೂ ಸಿಗುತ್ತಿರಲಿಲ್ಲ. ಆದ್ದರಿಂದ ಕಾಯುವವರು ತಪ್ಪು, ಬಳಸುವವರು ಸರಿ ಎಂದು ತೀರ್ಪು ಕೊಡಲು ನಾನು ತಯಾರಿಲ್ಲ. ಕಾಯುವುದೂ ಒಂದು ಕೆಲಸ. ಬಿಸಿಲಿಗೆ ಹಾಕಬೇಕು, ಮಡಿಕೆ ಬದಲಿಸಬೇಕು, ಪೆಟ್ಟಿಗೆ ಒರಸಬೇಕು. ಆ ಕೆಲಸವನ್ನು ಮಾಡುವವನು ಕಾಯುತ್ತಾನೆ. ಮಾಡದವನು ಗೆದ್ದಲಿಗೆ ಬಿಡುತ್ತಾನೆ, ಅಷ್ಟೆ.

ಹೀಗೆ ಯೋಚಿಸಿದಾಗ ಪ್ರಶ್ನೆಯ ಮುಖವೇ ಬದಲಾಯಿತು. ಕತ್ತರಿಸಬೇಕೋ ಬೇಡವೋ ಎನ್ನುವುದಕ್ಕಿಂತ, ಯಾರು ಯಾವುದರ ಹೊಣೆ ಹೊರುತ್ತಾರೆ ಎಂಬುದು ಮುಖ್ಯ. ಕತ್ತರಿಸಿ ಎನ್ನುವವರು ಅದನ್ನು ಹೊದೆಯಬೇಕು. ಬೇಡ ಎನ್ನುವವರು ಅದನ್ನು ಕಾಯಬೇಕು. ಹೊದೆಯದವರಿಗೆ ಕತ್ತರಿಸುವ ಹಕ್ಕಿಲ್ಲ. ಕಾಯದವರಿಗೆ ತಡೆಯುವ ಹಕ್ಕಿಲ್ಲ. ಇನ್ನು ಇಬ್ಬರೂ ಹೊಣೆ ಹೊರಲು ಸಿದ್ಧರಿದ್ದರೆ? ಆಗ ಮೊದಲ ಮಾತು ಬೇಡ ಎನ್ನುವವರದು. ಯಾಕೆಂದರೆ ಇಂದು ಕಾದದ್ದನ್ನು ನಾಳೆ ಕತ್ತರಿಸಬಹುದು, ಇಂದು ಕತ್ತರಿಸಿದ್ದನ್ನು ನಾಳೆ ಕೂಡಿಸಲಾಗದು. ಆದರೆ ಮೊದಲ ಮಾತು ಎಂದರೆ ಕೊನೆಯ ಮಾತಲ್ಲ. ಕಾಲ ಬಟ್ಟೆಯನ್ನು ತಿನ್ನುತ್ತಲೇ ಇರುವುದರಿಂದ ಆ ಸಮಯಕ್ಕೂ ಒಂದು ಮಿತಿ ಇರಲೇಬೇಕು.

ಇದನ್ನು ಗೆಳತಿಗೆ ಹೇಳಿದೆ. ಅಣ್ಣ ಊರಿಗೆ ಬಂದು ಎದುರಿಗೆ ಕೂತು ಮಾತಾಡುವ ತನಕ ಕತ್ತರಿ ಮುಟ್ಟುವುದಿಲ್ಲ ಎಂದೆ. ಅವರ ರಜೆಗೆ ಇನ್ನೂ ಹನ್ನೊಂದು ತಿಂಗಳಿತ್ತು. ಗೆಳತಿಯ ಮುಖ ಕೆಂಪಾಯಿತು. “ಟೀಚರೇ, ನೀವು ನನ್ನ ಗೆಳತಿಯೋ, ಇಕ್ಕನ ಗೆಳತಿಯೋ?” ಎಂದು ಕೇಳಿದರು. ಉಮ್ಮನನ್ನು ಕೊನೆಯ ಆರು ವರ್ಷ ಎತ್ತಿ ಕೂರಿಸಿದವರು, ಮಲಗಿಸಿದವರು ಅವರು. ಬಟ್ಟೆ ಒಗೆದವರೂ ಅವರೇ. ದೂರದಲ್ಲಿದ್ದವರಿಗೆ ವಾಸನೆಯ ನೆನಪು ಸುಲಭ ಎಂದರು. ಆ ಮಾತಿನಲ್ಲಿದ್ದ ನೋವು ನ್ಯಾಯವಾದದ್ದೇ. ಆ ತಿಂಗಳು ಮಧ್ಯಾಹ್ನಗಳಲ್ಲಿ ಅವರು ಬರಲಿಲ್ಲ. ಅರ್ಧ ಹೊಲಿದ ಬೇರೊಂದು ಕೌದಿಯ ಆ ಅಂಚು ಹಾಗೆಯೇ ಉಳಿಯಿತು.

ಗೆಳೆತನದ ಧರ್ಮವೇನು ಎಂಬುದನ್ನು ನಾನು ಆಗ ಬಹಳ ಯೋಚಿಸಿದೆ. ಗೆಳತಿ ಬಯಸಿದ್ದನ್ನು ಮಾಡಿಕೊಡುವುದೇ ಗೆಳೆತನವಾದರೆ ನಾನು ಅವರ ಕೈಗೆ ಇನ್ನೊಂದು ಕತ್ತರಿಯಾದೇನೇ ಹೊರತು ಗೆಳತಿಯಾಗಲಾರೆ. ಕೂಲಿಗೆ ಹೊಲಿಯುವವರು ಹೇಳಿದಂತೆ ಹೊಲಿದು ಕೊಡಬಹುದು. ಅವರ ಹೊಣೆ ಹೊಲಿಗೆಯ ಮಟ್ಟಿಗೆ. ಗೆಳತಿಯಾದವಳು ಎದುರಿಗಿಲ್ಲದವರ ಪರವಾಗಿಯೂ ಒಂದು ಮಾತು ಆಡಬೇಕಾಗುತ್ತದೆ. ಗೆಳತಿಗೆ ನಾಳೆ ಅಣ್ಣನೊಬ್ಬ ಬೇಕಲ್ಲ ಎಂಬುದನ್ನು ಇಂದು ನೆನಪಿಡಬೇಕಾಗುತ್ತದೆ. ಒಂದು ತಿಂಗಳ ಬಳಿಕ ಅವರು ಬಂದು ತಮ್ಮ ಅಂಚಿಗೆ ಕೂತು ಸೂಜಿ ಎತ್ತಿಕೊಂಡರು. ಆ ವಿಷಯ ಇಬ್ಬರೂ ಎತ್ತಲಿಲ್ಲ. ಗಂಟು ನನ್ನ ಕಪಾಟಿನಲ್ಲಿತ್ತು. ಬಿಸಿಲು ಕಂಡ ದಿನಗಳಲ್ಲಿ ತೊಳೆಯದೆ, ಬರೇ ಗಾಳಿಗೆ ಹರವಿ, ಮತ್ತೆ ಕಟ್ಟಿಡುತ್ತಿದ್ದೆ.

ಅಣ್ಣ ಬಂದರು. ಅಣ್ಣ ತಂಗಿ ಚಾಪೆಯ ಆಚೀಚೆ ಕೂತು ಒಂದೊಂದೇ ಬಟ್ಟೆಯನ್ನು ಎತ್ತಿ ನೋಡಿದರು. ಒಂದು ಮುಂಡನ್ನೂ ಒಂದು ತಟ್ಟಂ ಅನ್ನೂ ಆರಿಸಿ, ತೊಳೆಯದೆ, ಕತ್ತರಿಸದೆ, ಅರ್ಧದ ಟೊಪ್ಪಿಯ ಜೊತೆಗೆ ಅಣ್ಣ ತೆಗೆದುಕೊಂಡರು. ಸೂಜಿಯನ್ನು ಅದರಿಂದ ತೆಗೆಯಲಿಲ್ಲ. ಉಳಿದದ್ದು ತಂಗಿಗೆ. ಅವರ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ. ಮರುವರ್ಷ ರಜೆಯಲ್ಲಿ ಬಂದಾಗ ತಂಗಿಯ ಮಂಚದ ಮೇಲಿದ್ದ ಕೌದಿಯನ್ನು ನೋಡಿದರು, ಮುಟ್ಟಲಿಲ್ಲ, ಬೇಡವಾಗಿತ್ತು ಎಂದೂ ಹೇಳಲಿಲ್ಲ. ಭಿನ್ನಾಭಿಪ್ರಾಯ ಉಳಿದುಕೊಂಡೇ ಅಣ್ಣತಂಗಿ ಅಣ್ಣತಂಗಿಯಾಗಿ ಉಳಿದರು. ಒಮ್ಮತವಾಗಲೇಬೇಕೆಂಬ ಹಟಕ್ಕಿಂತ ಇದು ದೊಡ್ಡದೆಂದು ನನಗನ್ನಿಸಿತು. ಕೌದಿಯನ್ನು ಹೊಲಿದು ಮುಗಿಸಲು ನಮಗೆ ಮೂರು ತಿಂಗಳು ಬೇಕಾಯಿತು. ಕಪ್ಪು ಮುಂಡಿನ ತುಂಡುಗಳು ಮೇಲೆ. ಸವೆದು ಜಾಳಾದ ಕುಪ್ಪಾಯಗಳು ಅಜ್ಜಿ ಹೇಳಿಕೊಟ್ಟಂತೆ ಒಳಗೆ. ಅಡಿಪದರಕ್ಕೆ ಬಟ್ಟೆ ಸಾಲದೆ ಬಂದಾಗ ನನ್ನ ಅಮ್ಮನ ಒಂದು ಕಾಸರಗೋಡು ಕೈಮಗ್ಗದ ಸೀರೆಯನ್ನು ನಾನು ಸೇರಿಸಿದೆ. ಈ ಸೀರೆಯ ಬಣ್ಣ ಬಿಡುವುದಿಲ್ಲ. ಪಕ್ಕದ ಬಿಳಿಗೆ ಹತ್ತುವ ಭಯವಿಲ್ಲ. ಅದನ್ನು ಕತ್ತರಿಸುವ ಮೊದಲು ನನ್ನ ಅಕ್ಕನನ್ನು ಕೇಳಿದ್ದೆ.

ನಮ್ಮೂರಿನಲ್ಲಿ ಏನು ಬರೆದರೂ ಕೊನೆಗೆ ಭಾಷೆಯ ವಿಷಯಕ್ಕೆ ಬಾರದಿರಲು ಆಗುವುದಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯುವ ಇಷ್ಟ ನನಗಿಲ್ಲ. ಭಾಷೆ ಬಟ್ಟೆಯಲ್ಲ, ಬಳಸಿದಷ್ಟೂ ಸವೆಯುವ ವಸ್ತು ಅದಲ್ಲ. ಆದರೂ ಒಂದು ಮಾತು. 1956ರ ನವೆಂಬರ್ 1ರಂದು ಈ ನೆಲಕ್ಕೆ ಬಿದ್ದ ಕತ್ತರಿಯನ್ನು ನಮ್ಮ ಹಿರಿಯರು ಮರೆತವರಲ್ಲ, ನಾವೂ ಮರೆಯಬೇಕಾಗಿಲ್ಲ. ಅದಕ್ಕೆ ದಿನಾಂಕವಿದೆ, ಕರ್ತೃಗಳಿದ್ದಾರೆ, ಬೆರಳು ತೋರಿಸಲು ದಿಕ್ಕಿದೆ. ಆದರೆ ನಮ್ಮ ಮನೆಗಳಲ್ಲಿ ಅಜ್ಜಿಯ ಕನ್ನಡ ಪುಸ್ತಕಗಳು ಕಪಾಟಿನಲ್ಲಿ ಭದ್ರವಾಗಿದ್ದು ಮೊಮ್ಮಕ್ಕಳಿಗೆ ಅದರ ಅಕ್ಷರ ಗೊತ್ತಿಲ್ಲದಿರುವುದಕ್ಕೆ ದಿನಾಂಕವಿಲ್ಲ. ಅದು ತೇವದ ಕೆಲಸ. ಕತ್ತರಿಯ ವಿರುದ್ಧ ಸಭೆ ಸೇರುವಷ್ಟು ಸುಲಭವಲ್ಲ, ತೇವದ ವಿರುದ್ಧ ದಿನವೂ ಕಪಾಟು ತೆರೆಯುವುದು. ಮಕ್ಕಳು ನಾಲ್ಕು ಮಲಯಾಳದ ತುಂಡು, ಎರಡು ಇಂಗ್ಲಿಷಿನ ತುಂಡು ಸೇರಿಸಿ ಕನ್ನಡ ಮಾತಾಡಿದರೆ ಅದನ್ನು ತುಂಡು ಭಾಷೆಯೆಂದು ಹೀಗಳೆಯುವವರಿದ್ದಾರೆ. ಹೊದೆಯುತ್ತಿದ್ದಾರಲ್ಲ, ಹೊದೆಯಲಿ ಎಂದೇ ನನ್ನ ಅಭಿಪ್ರಾಯ. ಇಡಿಯಾದ, ಕಲೆಯಿಲ್ಲದ ಕನ್ನಡವನ್ನು ಕಾಯಲು ಬಯಸುವವರು ಅಗತ್ಯವಾಗಿ ಕಾಯಲಿ. ಆದರೆ ಕಾಯುವ ಕೆಲಸವನ್ನು ಮಾಡಲಿ.

ಈಗೀಗ ಯಾರಾದರೂ ಮನೆಯ ಹಿರಿಯರ ಬಟ್ಟೆಯ ಗಂಟು ತಂದರೆ, ಬಿಚ್ಚುವ ಮೊದಲು ನಾನೂ ಗೆಳತಿಯೂ ಮೂರು ಪ್ರಶ್ನೆ ಕೇಳುತ್ತೇವೆ. ಇದನ್ನು ಹೊದೆಯುವವರು ಯಾರು? ಬೇಡವೆನ್ನುವವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ, ಅವರ ಪಾಲಿಗೆ ತೊಳೆಯದೆ ಬಿಡುವ ಬಟ್ಟೆ ಯಾವುದು?

ಮೂರನೆಯ ಪ್ರಶ್ನೆ ಗೆಳತಿ ಸೇರಿಸಿದ್ದು.